ಉದ್ಘೋಷಕರಾಗಬಯಸುವ ಮಕ್ಕಳಿಗೆ

(ರಾಯಚೂರಿನಲ್ಲಿ ನಡೆದ ಸಂಘದ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹ ರೂಪ)



ಕಳೆದ ವರ್ಷ ದೇವದುರ್ಗದಲ್ಲಿ ಇಂತಹುದೇ ಒಂದು ಸಭೆ ಇತ್ತು. ಭಾಷಣಗಳು ಮುಗಿದು ಎಲ್ಲರೂ ಚಹಾಕ್ಕೆ ಎದ್ದಾಗ ಪಿ.ಯು.ಸಿ. ಓದುವ ಒಬ್ಬ ಹುಡುಗಿ ಹತ್ತಿರ ಬಂದಳು. "ಸರ್, ನಾನು ಕನ್ನಡ ಮಾತಾಡಿದ್ರ ಕ್ಲಾಸಿನ್ಯಾಗ ನಗ್ತಾರ್ರಿ. ನಿನ್ನ ಕನ್ನಡ ಉರ್ದು ಉರ್ದು ಐತಿ ಅಂತಾರ. ನಾನು ರೇಡಿಯೋದಾಗ ಮಾತಾಡಬೌದೇನ್ರಿ?" ಎಂದು ಕೇಳಿದಳು. ನನಗೆ ಬಸ್ಸಿನ ವೇಳೆಯಾಗಿತ್ತು. "ಮಾತಾಡಬಹುದಮ್ಮ, ಯಾಕೆ ಮಾತಾಡಬಾರದು" ಎಂದಷ್ಟೇ ಹೇಳಿ ಹೊರಟೆ. ಬಸ್ಸಿನಲ್ಲಿ ಕುಳಿತ ಮೇಲೆ ಆ ಉತ್ತರ ನನಗೇ ಸಾಲದೆನಿಸಿತು. ಆ ಹುಡುಗಿಗೆ ಬೇಕಾಗಿದ್ದದ್ದು ಸಮಾಧಾನದ ಮಾತಲ್ಲ, ದಾರಿ. ಇಂದು ಸಂಘದವರು "ಉದ್ಘೋಷಕರ ಕೆಲಸದ ಬಗ್ಗೆ ಮಕ್ಕಳಿಗೆ ನಾಲ್ಕು ಮಾತು ಹೇಳಿ" ಎಂದು ಕರೆದಿದ್ದಾರೆ. ಅಂದು ಉಳಿಸಿಕೊಂಡ ಬಾಕಿಯನ್ನು ಇಂದು ತೀರಿಸುತ್ತೇನೆ.

ಮೊದಲು ನನ್ನದೇ ಕಥೆ. ನಾನು ಮಾನ್ವಿ ತಾಲೂಕಿನವನು. ಮನೆಯಲ್ಲಿ ದಖ್ಖನಿ ಉರ್ದು, ಓಣಿಯಲ್ಲಿ ಕನ್ನಡ, ಸಂತೆಯಲ್ಲಿ ಅರ್ಧ ತೆಲುಗು. ಅಬ್ಬಾ ಹತ್ತಿ ಅಂಗಡಿಯಲ್ಲಿ ತೂಕದ ಕೆಲಸ ಮಾಡುತ್ತಿದ್ದರು. ಬಸ್ ನಿಲ್ದಾಣದ ಹತ್ತಿರದ ಚಹಾದ ಹೋಟೆಲಿಗೆ ದಿನಾ ಒಂದು ಕನ್ನಡ ಪತ್ರಿಕೆ ಬರುತ್ತಿತ್ತು. ಓದಲು ಬಾರದ ರೈತರು, ಹಮಾಲರು ಬಹಳ ಜನ. ನಮ್ಮ ಕನ್ನಡ ಮಾಸ್ತರರು ನನ್ನನ್ನು ಅಲ್ಲಿ ಕೂರಿಸಿ, "ದೊಡ್ಡ ದನಿಯಲ್ಲಿ ಓದು, ಅವರಿಗೆ ತಿಳಿಯುವ ಹಾಗೆ ಓದು" ಎನ್ನುತ್ತಿದ್ದರು. ಗಡಬಡಿಸಿ ಓದಿದರೆ ಮೂಲೆಯಿಂದ ಒಬ್ಬ ಮುದುಕರು, "ಏ ತಮ್ಮಾ, ಬಸ್ಸು ಬಂದೈತೇನು? ಸಾವಕಾಶ ಓದು" ಎನ್ನುವರು. ಉದ್ಘೋಷಕನ ಮೊದಲ ಪಾಠವನ್ನು ನಾನು ಆ ಹೋಟೆಲಿನಲ್ಲಿ ಕಲಿತೆ.

ಮುಂದೆ ಪದವಿ ಮುಗಿಸಿ ಒಂದು ಆಕಾಶವಾಣಿ ಕೇಂದ್ರದ ಧ್ವನಿ ಪರೀಕ್ಷೆಗೆ ಹೋದೆ. ಕೃಷಿ ಕಾರ್ಯಕ್ರಮದ ಒಂದು ಹಾಳೆ ಓದಲು ಕೊಟ್ಟರು. ಹತ್ತಿಯ ಬೆಳೆ, ಹತ್ತಿಯ ಬೆಲೆ, ಎರಡೂ ಅದರಲ್ಲಿದ್ದವು. ನನ್ನ ಬಾಯಲ್ಲಿ ಎರಡೂ "ಬೆಲೆ" ಆದವು. ಗಾಜಿನ ಆಚೆ ಕುಳಿತಿದ್ದ ಹಿರಿಯರು ನಗಲಿಲ್ಲ, ಬೈಯಲಿಲ್ಲ. "ತಮ್ಮಾ, ನೀನು ಹೇಳಿದ್ದು ಹೊಲದಾಗ ನಿಂತದ್ದೋ, ಅಂಗಡಿಗೆ ಬಂದದ್ದೋ? ಕೇಳೋ ರೈತನಿಗೆ ಹೆಂಗ ಗೊತ್ತಾಗಬೇಕು?" ಎಂದು ಕೇಳಿದರು. ಅಂದು ನಾನು ಅನುತ್ತೀರ್ಣನಾದೆ. ಎರಡು ವರ್ಷ ಬಿಟ್ಟು ಮತ್ತೆ ಹೋಗಿ ಆಯ್ಕೆಯಾದೆ. ನಡುವಿನ ಎರಡು ವರ್ಷ ಏನು ಮಾಡಿದೆ ಎಂಬುದನ್ನೇ ಇಂದು ಮುಖ್ಯವಾಗಿ ಹೇಳಬೇಕಾಗಿದೆ.

ಅದಕ್ಕೆ ಮೊದಲು ಒಂದು ದೊಡ್ಡ ಉದಾಹರಣೆ. ಅಮೀನ್ ಸಯಾನಿಯವರ ಹೆಸರನ್ನು ನಿಮ್ಮ ತಂದೆ, ಅಜ್ಜಂದಿರು ಬಲ್ಲರು. 1932ರಲ್ಲಿ ಮುಂಬಯಿಯಲ್ಲಿ ಹುಟ್ಟಿದ ಅವರು 2024ರ ಫೆಬ್ರವರಿಯಲ್ಲಿ ತೀರಿಕೊಂಡರು. 1952ರ ಡಿಸೆಂಬರಿನಲ್ಲಿ ರೇಡಿಯೋ ಸಿಲೋನಿನಿಂದ ಅವರ ಬಿನಾಕಾ ಗೀತಮಾಲಾ ಶುರುವಾಯಿತು. ಬುಧವಾರ ರಾತ್ರಿ ನಮ್ಮ ಊರಿನ ಹೋಟೆಲಿನಲ್ಲಿ ಕೂರಲು ಜಾಗ ಸಿಗುತ್ತಿರಲಿಲ್ಲ. ಇಷ್ಟು ದೊಡ್ಡ ಧ್ವನಿಯ ಈ ಮನುಷ್ಯ ಆಕಾಶವಾಣಿಯ ಹಿಂದಿ ಧ್ವನಿ ಪರೀಕ್ಷೆಯಲ್ಲಿ ನಪಾಸಾಗಿದ್ದರು. ಉಚ್ಚಾರಣೆಯಲ್ಲಿ ಗುಜರಾತಿ ಮತ್ತು ಇಂಗ್ಲಿಷಿನ ಛಾಯೆ ಹೆಚ್ಚಾಯಿತು ಎಂದು ಅವರನ್ನು ಬಿಟ್ಟಿದ್ದರೆಂದು ಅವರೇ ಹೇಳಿಕೊಂಡಿದ್ದಾರೆ. ಮುಂದೆ ದೇಶವೇ ಅವರ ಹಿಂದುಸ್ತಾನಿಯನ್ನು ಮೆಚ್ಚಿತು.

ಆ ಭಾಷೆ ಅವರಿಗೆ ಎಲ್ಲಿಂದ ಬಂತು? ಅವರ ತಾಯಿ ಕುಲ್ಸುಂ ಸಯಾನಿಯವರು ಹೊಸದಾಗಿ ಅಕ್ಷರ ಕಲಿತ ವಯಸ್ಕರಿಗಾಗಿ 'ರಹಬರ್' ಎಂಬ ಪತ್ರಿಕೆ ನಡೆಸುತ್ತಿದ್ದರು. ಅದು ದೇವನಾಗರಿ, ಉರ್ದು, ಗುಜರಾತಿ ಮೂರು ಲಿಪಿಗಳಲ್ಲಿ ಬರುತ್ತಿತ್ತು. ಮಗ ತಾಯಿಗೆ ಆ ಕೆಲಸದಲ್ಲಿ ನೆರವಾಗುತ್ತಿದ್ದರು. ಈಗತಾನೆ ಓದಲು ಕಲಿತವನಿಗೂ ತಿಳಿಯುವ ಮಾತು ಯಾವುದು ಎಂಬುದನ್ನು ಅಲ್ಲಿ ಕಲಿತರು. ಗೀತಮಾಲಾ ಶುರುವಾದಾಗ ಅವರಿಗೆ ಸಿಗುತ್ತಿದ್ದದ್ದು ವಾರಕ್ಕೆ 25 ರೂಪಾಯಿ. 2009ರಲ್ಲಿ ಪದ್ಮಶ್ರೀ ಬಂತು. ನಪಾಸಾದ ದಿನವೇ ಮನೆಗೆ ಹೋಗಿ ಮಲಗಿದ್ದರೆ ಇದು ಯಾವುದೂ ಇರುತ್ತಿರಲಿಲ್ಲ.

"ಅದು ಹಿಂದಿಯ ಮಾತಾಯಿತು, ಕನ್ನಡಕ್ಕೆ ಬನ್ನಿ" ಎಂದು ನೀವು ಕೇಳಬಹುದು. ಬಾನು ಮುಷ್ತಾಕ್ ಅವರನ್ನು ನೋಡಿ. 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆದ ಕನ್ನಡ ಲೇಖಕಿ. ಎಂಟನೆಯ ವಯಸ್ಸಿನಲ್ಲಿ ಅವರನ್ನು ಶಿವಮೊಗ್ಗದ ಕನ್ನಡ ಶಾಲೆಗೆ ಸೇರಿಸುವಾಗ, ಆರು ತಿಂಗಳಲ್ಲಿ ಕನ್ನಡ ಓದು ಬರಹ ಕಲಿಯಬೇಕು ಎಂಬ ಷರತ್ತು ಹಾಕಿದ್ದರು. ಕೆಲವೇ ದಿನಗಳಲ್ಲಿ ಅವರು ಬರೆಯತೊಡಗಿದರು. ಬೆಂಗಳೂರು ಆಕಾಶವಾಣಿಯಲ್ಲಿಯೂ ಅವರು ಕೆಲವು ತಿಂಗಳು ಕೆಲಸ ಮಾಡಿದವರು. ಇನ್ನು 'ನಿತ್ಯೋತ್ಸವ'ದ ಕವಿ ಕೆ.ಎಸ್. ನಿಸಾರ್ ಅಹಮದ್ ಅವರ ಕನ್ನಡದ ಬಗ್ಗೆ ನಾನು ಹೇಳಬೇಕಾಗಿಲ್ಲ. ಮನೆಯಲ್ಲಿ ಉರ್ದು ಇದ್ದರೆ ಹೊರಗೆ ಕನ್ನಡ ಬರುವುದಿಲ್ಲ ಎಂಬುದು ಸುಳ್ಳು. ಕಷ್ಟಪಡದಿದ್ದರೆ ಬರುವುದಿಲ್ಲ ಎಂಬುದು ಮಾತ್ರ ನಿಜ.

ಈಗ ಕಷ್ಟ ಎಲ್ಲಿದೆ ಎಂದು ನೋಡೋಣ. ಉರ್ದುವಿನಲ್ಲಿ ಳ ಇಲ್ಲ, ಣ ಇಲ್ಲ. ಹಾಗಾಗಿ ನಮ್ಮ ಮನೆಯ ಮಕ್ಕಳ ಬಾಯಲ್ಲಿ ಮಳೆ ಹೋಗಿ ಮಲೆ ಆಗುತ್ತದೆ, ಹಣ ಹೋಗಿ ಹನ ಆಗುತ್ತದೆ. ಆದರೆ ಉರ್ದು ಓದಿದ ಮಕ್ಕಳಿಗೆ ಖ, ಘ, ಧ, ಭ ಇವು ಸಲೀಸು. ಕನ್ನಡ ಮನೆಯ ಮಕ್ಕಳಲ್ಲಿ ಎಷ್ಟೋ ಜನ ಇಲ್ಲೇ ಎಡವುತ್ತಾರೆ. "ರೈತರಿಗೆ ಸರ್ಕಾರದಿಂದ ಧನಸಹಾಯ" ಎಂಬುದನ್ನು "ದನಸಹಾಯ" ಎಂದು ಓದಿದವರನ್ನು ನಾನು ಕೇಳಿದ್ದೇನೆ. ಕೇಳಿದ ರೈತ ಎಮ್ಮೆ ಯಾವಾಗ ಕೊಡುತ್ತಾರೆ ಎಂದು ಕಾದು ಕೂರಬೇಕಷ್ಟೆ! ಶಾಲೆಯನ್ನು ಸಾಲಿ ಎನ್ನುವುದು, ಫಾತಿಮಾಳನ್ನು ಪಾತಿಮಾ ಎನ್ನುವುದು ಎಲ್ಲವೂ ಇದೇ ಬಗೆಯವು. ಅಂದರೆ ತಪ್ಪು ಒಂದು ಜಾತಿಯದಲ್ಲ, ಒಂದು ಧರ್ಮದ್ದಲ್ಲ. ಪ್ರತಿ ಮನೆಯ ನಾಲಿಗೆಗೂ ಒಂದೊಂದು ಕಡೆ ಗಂಟು ಇದೆ. ನಿಮ್ಮ ಗಂಟನ್ನು ನೋಡಿ ನಗುವ ಗೆಳತಿಯ ನಾಲಿಗೆಯಲ್ಲಿ ಇನ್ನೊಂದು ಗಂಟು ಇರುತ್ತದೆ. ಜಗಳ ಬೇಡ. ಅವಳಿಂದ ಳ, ಣ ಕಲಿಯಿರಿ, ಅವಳಿಗೆ ಭ, ಧ ಕಲಿಸಿ. ಇಬ್ಬರೂ ಪಾಸಾಗುತ್ತೀರಿ.

ನಾನು ಆ ಎರಡು ವರ್ಷ ಮಾಡಿದ್ದು ಇಷ್ಟೇ. ಒಂದು, ದಿನಾ ಬೆಳಿಗ್ಗೆ ಅರ್ಧ ಗಂಟೆ ಪತ್ರಿಕೆಯನ್ನು ಗಟ್ಟಿಯಾಗಿ ಓದಿದೆ. ಎರಡು, ಳ ಮತ್ತು ಣ ಇರುವ ಮಾತುಗಳನ್ನು ಒಂದು ನೋಟುಬುಕ್ಕಿನಲ್ಲಿ ಬರೆದೆ: ಬೆಳೆ, ಮಳೆ, ಹೊಳೆ, ಕೊಳವೆ, ಎಣ್ಣೆ, ಕಣ, ಹುಣ್ಣಿಮೆ. ನಾಲಿಗೆಯ ತುದಿಯನ್ನು ಹಿಂದಕ್ಕೆ ಮಡಚಿ ಅಂಗಳಕ್ಕೆ ತಾಗಿಸಿ ನುಡಿಯಬೇಕು ಎಂದು ಮಾಸ್ತರರು ತೋರಿಸಿಕೊಟ್ಟಿದ್ದರು. ಮೂರು, ರೇಡಿಯೋ ವಾರ್ತೆ ಕೇಳುತ್ತ, ಓದುವವರು ಎಲ್ಲಿ ಉಸಿರು ತೆಗೆದುಕೊಳ್ಳುತ್ತಾರೆ ಎಂದು ಗಮನಿಸಿದೆ. ನಾಲ್ಕು, ಒಬ್ಬ ಗೆಳೆಯನ ಟೇಪ್ ರೆಕಾರ್ಡರಿನಲ್ಲಿ ನನ್ನ ದನಿ ನಾನೇ ಕೇಳಿದೆ. ಮೊದಲ ಸಲ ಕೇಳಿದಾಗ ನಾಚಿಕೆಯಾಯಿತು. ನಿಮಗೂ ಆಗುತ್ತದೆ, ಹೆದರಬೇಡಿ. ಇಂದು ನಿಮ್ಮ ಕೈಯಲ್ಲಿರುವ ಮೊಬೈಲೇ ಟೇಪ್ ರೆಕಾರ್ಡರ್. ಅದನ್ನು ಇದಕ್ಕೂ ಸ್ವಲ್ಪ ಬಳಸಿ.

ಇನ್ನು ಕೆಲಸದ ವಿಷಯ. ಮೈಕಿನ ಮುಂದೆ ಕುಳಿತು ಸಿಹಿಯಾಗಿ ಮಾತಾಡುವುದೇ ಉದ್ಘೋಷಕನ ಕೆಲಸ ಎಂದು ಬಹಳ ಜನ ತಿಳಿದಿದ್ದಾರೆ. ಮಾತು ಅದರಲ್ಲಿ ಒಂದು ಪಾಲು. ಬೆಳಗಿನ ಸರದಿ ಇದ್ದರೆ ಊರು ಏಳುವ ಮೊದಲೇ ಸ್ಟುಡಿಯೋದಲ್ಲಿರಬೇಕು. ಅಂದಿನ ಕಾರ್ಯಕ್ರಮಗಳ ಪಟ್ಟಿಯಾದ ಕ್ಯೂ ಶೀಟ್ ತೆಗೆದುಕೊಂಡು, ಪ್ರತಿ ಧ್ವನಿಮುದ್ರಣ ಸಿದ್ಧವಿದೆಯೇ, ಎಷ್ಟು ನಿಮಿಷದ್ದು ಎಂದು ನೋಡಬೇಕು. ನಾನು ಸೇರಿದಾಗ ಟೇಪಿನ ದೊಡ್ಡ ಸುರುಳಿಗಳಿದ್ದವು, ಆಮೇಲೆ ಎಲ್ಲವೂ ಕಂಪ್ಯೂಟರಿಗೆ ಬಂತು. ದೆಹಲಿಯ ವಾರ್ತೆಗೆ ಸೇರಿಕೊಳ್ಳುವ ಹೊತ್ತಿಗೆ ನಿಮ್ಮ ಮಾತು ಸೆಕೆಂಡಿನ ಲೆಕ್ಕದಲ್ಲಿ ಮುಗಿದಿರಬೇಕು. ನಡುವೆ ಸಂಪರ್ಕ ಕಡಿದರೆ ಗಾಬರಿಯಾಗದೆ "ತಾಂತ್ರಿಕ ಅಡಚಣೆಗಾಗಿ ವಿಷಾದಿಸುತ್ತೇವೆ" ಎಂದು ಹೇಳಿ ವಾದ್ಯಸಂಗೀತ ಹಾಕಬೇಕು. ಏನು ತಪ್ಪಾಯಿತು, ಎಷ್ಟು ಹೊತ್ತು ಎಂದು ದಾಖಲೆ ಪುಸ್ತಕದಲ್ಲಿ ಬರೆಯಬೇಕು. ಹಾಳೆ ತಿರುವಿದ ಸದ್ದು ಕೇಳಿಸಬಾರದು. ಪ, ಬ ಅಕ್ಷರಗಳ ಗಾಳಿ ಮೈಕಿಗೆ ಬಡಿಯಬಾರದು. ಮನೆಯಲ್ಲಿ ದುಃಖವಿದ್ದರೂ ದನಿಯಲ್ಲಿ ಇರಬಾರದು.

ಎಲ್ಲಕ್ಕಿಂತ ಮಿಗಿಲಾದದ್ದು ಹೊಣೆ. ನನ್ನ ಒಂದು ತಪ್ಪನ್ನು ಇಲ್ಲಿ ಒಪ್ಪಿಕೊಳ್ಳುತ್ತೇನೆ. ಒಂದು ಮಳೆಗಾಲ, ನಾರಾಯಣಪುರ ಜಲಾಶಯದಿಂದ ಕೃಷ್ಣಾ ನದಿಗೆ ನೀರು ಬಿಡುವ ಸೂಚನೆ ಬಂತು. ದೇವದುರ್ಗ ತಾಲೂಕಿನ ನದಿ ದಂಡೆಯ ಹಳ್ಳಿಗಳವರಿಗೆ ಅದು ಜೀವದ ಮಾತು. ಹೂವಿನಹೆಡಗಿ ಸೇತುವೆಯ ಮೇಲೆ ಓಡಾಡುವವರಿಗೂ ಅಷ್ಟೆ. ಹಾಳೆಯಲ್ಲಿ ಎರಡು ಲಕ್ಷ ಕ್ಯೂಸೆಕ್ ಎಂದಿತ್ತು. ಅಂಕಿಯಲ್ಲಿ ಬರೆದಿದ್ದರು. ಸೊನ್ನೆ ಎಣಿಸುವುದರಲ್ಲಿ ತಪ್ಪಿ ನಾನು ಇಪ್ಪತ್ತು ಸಾವಿರ ಎಂದು ಓದಿದೆ. ಪಕ್ಕದ ಕೋಣೆಯಲ್ಲಿ ಕೇಳುತ್ತಿದ್ದ ಹಿರಿಯರು ಓಡಿ ಬಂದು ಗಾಜು ಬಡಿದರು. ಹಾಡನ್ನು ಅರ್ಧಕ್ಕೆ ನಿಲ್ಲಿಸಿ, "ಹಿಂದಿನ ಪ್ರಕಟಣೆಯಲ್ಲಿ ತಪ್ಪಾಗಿದೆ" ಎಂದು ಹೇಳಿ ಸರಿಯಾದ ಅಂಕಿಯನ್ನು ಮೂರು ಸಲ ಓದಿದೆ. ಆ ಎರಡು ನಿಮಿಷದಲ್ಲಿ ಯಾರಾದರೂ ರೇಡಿಯೋ ಬಂದ್ ಮಾಡಿ ದನ ಹೊಡೆದುಕೊಂಡು ನದಿಯ ಕಡೆಗೆ ಹೋಗಿದ್ದರೆ? ದೇವರ ದಯೆ, ಯಾವ ಅನಾಹುತವೂ ಆಗಲಿಲ್ಲ. ಅಂದಿನಿಂದ ಯಾವ ಅಂಕಿಯನ್ನೂ ಅಕ್ಷರದಲ್ಲಿ ಬರೆದುಕೊಳ್ಳದೆ ಓದಿದವನಲ್ಲ. 2009ರ ದೊಡ್ಡ ನೆರೆಯನ್ನು ಈ ಜಿಲ್ಲೆಯವರು ಮರೆತಿಲ್ಲ. ಕರೆಂಟು ಹೋಗಿ ಟಿ.ವಿ. ನಿಂತಾಗ ಸೆಲ್ ಹಾಕಿದ ಸಣ್ಣ ರೇಡಿಯೋದ ಬೆಲೆ ಏನು ಎಂಬುದು ಅಂಥ ದಿನಗಳಲ್ಲಿ ತಿಳಿಯುತ್ತದೆ. ಆ ಹೊತ್ತಿನಲ್ಲಿ ಕೇಳುವವನಿಗೆ ನಿಮ್ಮ ಧರ್ಮ ಬೇಡ, ಊರು ಬೇಡ. ಹೇಳಿದ್ದು ಸರಿಯಿದೆಯೇ, ತಿಳಿಯುತ್ತದೆಯೇ, ಇವೆರಡೇ ಬೇಕು.

ನಮ್ಮ ಭಾಗಕ್ಕೂ ಧ್ವನಿ ಮಾಧ್ಯಮಕ್ಕೂ ಹಳೆಯ ನಂಟಿದೆ. ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು 1935ರ ಸೆಪ್ಟೆಂಬರಿನಲ್ಲಿ ತಮ್ಮ ಮನೆಯಲ್ಲೇ 30 ವ್ಯಾಟಿನ ಪ್ರಸಾರ ಯಂತ್ರವಿಟ್ಟು ರೇಡಿಯೋ ಆರಂಭಿಸಿದರು. ಅದೇ 'ಆಕಾಶವಾಣಿ' ಎಂಬ ಹೆಸರಾಗಿ ದೇಶಕ್ಕೆಲ್ಲ ಹಬ್ಬಿತು. ಅದೇ 1935ರಲ್ಲಿ ನಮ್ಮ ಹಿರಿಯರ ಸಂಸ್ಥಾನವಾದ ಹೈದರಾಬಾದಿನಲ್ಲಿ ಡೆಕ್ಕನ್ ರೇಡಿಯೋ ಇತ್ತು. ಅದು ಮುಖ್ಯವಾಗಿ ಉರ್ದುವಿನದು. 1956ರಲ್ಲಿ ರಾಯಚೂರು ಕನ್ನಡ ನಾಡಿಗೆ ಸೇರಿತು, 1966ರಲ್ಲಿ ಗುಲಬರ್ಗಾ ಆಕಾಶವಾಣಿ ಬಂತು. ಎರಡೂ ಕಡೆಯ ದನಿ ಕೇಳಿ ಬೆಳೆದವರು ನಾವು.

ಟಿ.ವಿ. ವಿಷಯದಲ್ಲಂತೂ ರಾಯಚೂರು ಜಿಲ್ಲೆ ಬೆಂಗಳೂರಿಗಿಂತ ಮುಂದೆ ಇತ್ತು ಎಂದರೆ ಇಂದಿನ ಮಕ್ಕಳು ನಂಬುವುದಿಲ್ಲ. 1975ರ ಆಗಸ್ಟಿನಿಂದ 1976ರ ಜುಲೈವರೆಗೆ, ಉಪಗ್ರಹದ ಮೂಲಕ ಹಳ್ಳಿಗಳಿಗೆ ಶೈಕ್ಷಣಿಕ ದೂರದರ್ಶನ ಮುಟ್ಟಿಸುವ 'ಸೈಟ್' ಎಂಬ ಪ್ರಯೋಗ ನಡೆಯಿತು. ಆರು ರಾಜ್ಯಗಳ ಸುಮಾರು 2400 ಹಳ್ಳಿಗಳು ಅದರಲ್ಲಿದ್ದವು. ಕರ್ನಾಟಕದಿಂದ ಆಯ್ಕೆಯಾದವು ಗುಲಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳು. ಶಾಲೆಯ ಮಾಳಿಗೆಯ ಮೇಲೆ ತಂತಿ ಬಲೆಯ ದೊಡ್ಡ ಕೊಡೆ, ಕೆಳಗೆ ಜಮಖಾನೆ ಹಾಸಿ ಕುಳಿತ ಇಡೀ ಊರು. ಕನ್ನಡ, ತೆಲುಗು ಕಾರ್ಯಕ್ರಮಗಳು ತಯಾರಾಗುತ್ತಿದ್ದದ್ದು ಹೈದರಾಬಾದಿನಲ್ಲಿ. ಒಂದೇ ಚಿತ್ರದ ಜೊತೆಗೆ ಎರಡು ಭಾಷೆಯ ಧ್ವನಿ ಕಳಿಸುವ ಸೌಕರ್ಯ ಆ ಉಪಗ್ರಹದಲ್ಲಿತ್ತು. ಚಿತ್ರ ಒಂದೇ ಆದರೂ ಹಳ್ಳಿಯ ಮನುಷ್ಯನಿಗೆ ವಿಷಯ ಮುಟ್ಟಬೇಕಾದರೆ ಅವನ ಭಾಷೆಯ ದನಿಯೇ ಬೇಕಾಯಿತು.

ಟಿ.ವಿ. ನಿರೂಪಣೆಯಲ್ಲಿ ಆದರ್ಶ ಯಾರೆಂದು ಕೇಳಿದರೆ ನಾನು ಅಪರ್ಣಾ ಅವರ ಹೆಸರು ಹೇಳುತ್ತೇನೆ. ದೂರದರ್ಶನದಲ್ಲಿ ವರ್ಷಗಟ್ಟಲೆ ನಿರೂಪಣೆ ಮಾಡಿದ ಅವರು 1998ರ ದೀಪಾವಳಿಯಲ್ಲಿ ಸತತ ಎಂಟು ಗಂಟೆ ಕಾರ್ಯಕ್ರಮ ನಡೆಸಿಕೊಟ್ಟಿದ್ದರು. ಬೆಂಗಳೂರಿನ ಮೆಟ್ರೋದಲ್ಲಿ ಕನ್ನಡ ಸೂಚನೆ ಕೊಟ್ಟ ಧ್ವನಿ ಅವರದೇ. 2024ರ ಜುಲೈಯಲ್ಲಿ ಅವರು ತೀರಿಕೊಂಡಾಗ, ಮುಖಪರಿಚಯವಿಲ್ಲದ ಪ್ರಯಾಣಿಕರೂ ಮನೆಯವರನ್ನು ಕಳೆದುಕೊಂಡಂತೆ ಮರುಗಿದರು. ಅವರು ಕೂಗಿ ಮಾತಾಡಿದವರಲ್ಲ. ಇಂದು ಕೆಲವು ವಾಹಿನಿಗಳಲ್ಲಿ ನಿರೂಪಕರು ಜಗಳಕ್ಕೆ ನಿಂತವರಂತೆ ಮಾತಾಡುತ್ತಾರೆ. ನೀವು ಅದನ್ನು ಕಲಿಯಬೇಡಿ.

ಪಾಲಕರು ಕೇಳುವ ಪ್ರಶ್ನೆ ಒಂದಿದೆ: "ಇದರಿಂದ ಹೊಟ್ಟೆ ತುಂಬುತ್ತದೆಯೇ?" ಸುಳ್ಳು ಹೇಳಿ ನಿಮ್ಮನ್ನು ಹುರಿದುಂಬಿಸಲಾರೆ. ಆಕಾಶವಾಣಿಯಲ್ಲಿ ಕಾಯಂ ಉದ್ಘೋಷಕರ ನೇಮಕಾತಿ ಬಹಳ ಅಪರೂಪವಾಗಿದೆ. ಹೆಚ್ಚಿನವರು ಸರದಿಯ ಲೆಕ್ಕದಲ್ಲಿ ಸಂಭಾವನೆ ಪಡೆಯುವ ಕ್ಯಾಜುಯಲ್ ಉದ್ಘೋಷಕರು. ನಾನಿದ್ದ ಕಾಲದಲ್ಲಿ ತಿಂಗಳಿಗೆ ಆರು ಸರದಿಗಿಂತ ಹೆಚ್ಚು ಸಿಗುತ್ತಿರಲಿಲ್ಲ. ನನ್ನ ಮನೆ ನಡೆದದ್ದು ಪ್ರೌಢಶಾಲೆಯ ಶಿಕ್ಷಕನ ಸಂಬಳದಿಂದ. ಆದ್ದರಿಂದ ಮೊದಲು ಪದವಿ ಮುಗಿಸಿ, ಒಂದು ಉದ್ಯೋಗದ ದಾರಿ ಹಿಡಿಯಿರಿ, ಜೊತೆಗೆ ಇದನ್ನು ಬೆಳೆಸಿಕೊಳ್ಳಿ. ಧ್ವನಿ ಪರೀಕ್ಷೆ, ಸಾಮಾನ್ಯ ಜ್ಞಾನದ ಲಿಖಿತ ಪರೀಕ್ಷೆ ಎರಡಕ್ಕೂ ಸಿದ್ಧರಾಗಿ. ಖಾಸಗಿ ಟಿ.ವಿ. ವಾಹಿನಿಗಳು, ಎಫ್.ಎಂ. ಕೇಂದ್ರಗಳು, ಜಾಹೀರಾತಿನ ಧ್ವನಿ, ಸಾಕ್ಷ್ಯಚಿತ್ರಗಳ ನಿರೂಪಣೆ, ಸಭೆ ಸಮಾರಂಭಗಳ ನಿರ್ವಹಣೆ, ಹೀಗೆ ದಾರಿಗಳು ಹಲವು. ಧ್ವನಿ ಕಲಿತವನಿಗೆ ತರಗತಿಯಲ್ಲಿ, ನ್ಯಾಯಾಲಯದಲ್ಲಿ, ಕಚೇರಿಯಲ್ಲಿ ಎಲ್ಲಿ ಹೋದರೂ ಅದು ಕೈಬಿಡುವುದಿಲ್ಲ. ನನ್ನ ಪಾಠ ವಿದ್ಯಾರ್ಥಿಗಳಿಗೆ ಹಿಡಿಸಿದ್ದರೆ ಅದಕ್ಕೆ ಮೈಕು ಕಲಿಸಿದ ಶಿಸ್ತೇ ಕಾರಣ.

ಈಗ ಇನ್ನೊಂದು ಭಯ ಬಂದಿದೆ. 2024ರ ಮೇ ತಿಂಗಳಲ್ಲಿ ಡಿ.ಡಿ. ಕಿಸಾನ್ ವಾಹಿನಿ ಕೃತಕ ಬುದ್ಧಿಮತ್ತೆಯ ಇಬ್ಬರು ನಿರೂಪಕರನ್ನು ಪರಿಚಯಿಸಿತು. ಅವರಿಗೆ ನಿದ್ದೆಯಿಲ್ಲ, ಸಂಬಳವಿಲ್ಲ, ತಡವಾಗಿ ಬರುವುದಿಲ್ಲ. ಹಾಗಾದರೆ ನಮಗೇನು ಉಳಿಯಿತು? ಬರೆದುಕೊಟ್ಟದ್ದನ್ನು ಹಾಗೆಯೇ ಒಪ್ಪಿಸುವ ಕೆಲಸವಷ್ಟೇ ನಿಮಗೆ ಗೊತ್ತಿದ್ದರೆ ಅದು ಯಂತ್ರದ ಪಾಲಾಗುತ್ತದೆ. ಆದರೆ ಎರಡು ಲಕ್ಷದ ಬದಲು ಇಪ್ಪತ್ತು ಸಾವಿರ ಎಂದು ಹಾಳೆಯಲ್ಲೇ ತಪ್ಪಾಗಿ ಬಂದಿದ್ದರೆ, "ಇಷ್ಟು ಮಳೆಗೆ ಇಷ್ಟೇ ನೀರೇ?" ಎಂದು ಅನುಮಾನ ಪಟ್ಟು ಫೋನು ಮಾಡಿ ವಿಚಾರಿಸುವವನು ನದಿಯನ್ನು ಕಂಡ ಮನುಷ್ಯ. ನಿಮ್ಮ ಊರು, ಹೊಲ, ಹಳ್ಳ, ಹಬ್ಬಗಳನ್ನು ತಿಳಿದುಕೊಳ್ಳಿ. ನಮ್ಮ ಹಳ್ಳಿಗಳಲ್ಲಿ ಮೊಹರಂ ದಿನ ಹಿಂದೂ ಮುಸಲ್ಮಾನರು ಕೂಡಿ ಕನ್ನಡದಲ್ಲಿ ರಿವಾಯತ್ ಪದ ಹಾಡುತ್ತಾರೆ. ಅದನ್ನು ಕೇಳಿ ಬೆಳೆದವರ ಕನ್ನಡಕ್ಕೆ ಒಂದು ಜೀವ ಇರುತ್ತದೆ.

ಸಂಘದ ಹಿರಿಯರಲ್ಲಿ ಎರಡು ವಿನಂತಿ. ನಮ್ಮ ಶಾಲೆಗಳಲ್ಲಿ ಬೆಳಗಿನ ಪ್ರಾರ್ಥನೆಯ ನಂತರ ಐದು ನಿಮಿಷ ಮಕ್ಕಳಿಂದಲೇ ಕನ್ನಡದಲ್ಲಿಯೂ ಉರ್ದುವಿನಲ್ಲಿಯೂ ವಾರ್ತೆ ಓದಿಸಿ. ಪ್ರತಿದಿನ ಬೇರೆ ಮಗು ಓದಲಿ, ಹಿಂಜರಿಯುವ ಮಗು ಮೊದಲು ಓದಲಿ. ಎರಡನೆಯದು, 2006ರ ಸಮುದಾಯ ರೇಡಿಯೋ ನೀತಿಯಲ್ಲಿ ಲಾಭದ ಉದ್ದೇಶವಿಲ್ಲದ ನೋಂದಾಯಿತ ಸಂಸ್ಥೆಗಳಿಗೂ ಸಣ್ಣ ರೇಡಿಯೋ ಕೇಂದ್ರಕ್ಕೆ ಅರ್ಜಿ ಹಾಕುವ ಅವಕಾಶ ಕೊಡಲಾಯಿತು. ಇದು ಖರ್ಚಿನ, ಶ್ರಮದ ಕೆಲಸ ನಿಜ. ಆದರೂ ಒಮ್ಮೆ ಸಭೆಯಲ್ಲಿ ಕೂತು ಯೋಚಿಸಿ. ಪಾಲಕರಿಗೂ ಒಂದು ಮಾತು: ಮಗಳಿಗೆ ಬೆಳಗಿನ ಸರದಿ ಬಂದರೆ "ಬೇಡ" ಎನ್ನುವ ಮೊದಲು, ನೀವೇ ಅವಳನ್ನು ಕರೆದುಕೊಂಡು ಹೋಗಿ ಒಂದು ದಿನ ಹೊರಗೆ ಕುಳಿತು ಅವಳ ದನಿ ಕೇಳಿ. ಆಮೇಲೆ ನಿರ್ಧಾರ ಮಾಡಿ.

ಕೊನೆಯದಾಗಿ ದೇವದುರ್ಗದ ಆ ಹುಡುಗಿಗೆ. ಮಗಳೇ, ಈ ಸಂಚಿಕೆ ನಿನ್ನ ಕೈಗೆ ಸಿಕ್ಕರೆ ಓದು. ನಿನ್ನ ಅಮ್ಮಿ ಕಲಿಸಿದ ಮಾತಿಗೆ ನಾಚಬೇಡ, ಅದನ್ನು ಬಿಡಲೂ ಬೇಡ. ಅದರ ಪಕ್ಕದಲ್ಲೇ ಕನ್ನಡವನ್ನು ಅಷ್ಟೇ ಅಕ್ಕರೆಯಿಂದ ಕೂರಿಸಿಕೋ. ನಾಳೆ ಬೆಳಿಗ್ಗೆ ಎದ್ದು ಪತ್ರಿಕೆಯ ಒಂದು ಪುಟವನ್ನು ಗಟ್ಟಿಯಾಗಿ ಓದು. ಮಳೆ, ಬೆಳೆ, ಹೊಳೆ ಎಂದು ನೂರು ಸಲ ಹೇಳು. ನಗುವವರು ನಗಲಿ. ಒಂದು ವರ್ಷದ ಮೇಲೆ ಅವರನ್ನೇ ಕೂರಿಸಿ ಓದಿ ತೋರಿಸು. ಧ್ವನಿ ಪರೀಕ್ಷೆಯಲ್ಲಿ ಒಮ್ಮೆ ನಪಾಸಾದರೆ ಇನ್ನೊಮ್ಮೆ ಹೋಗು. ನಾನೂ ಎರಡನೆಯ ಸಲವೇ ಪಾಸಾದವನು.